ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು ಕ್ಯಾಬಿನೆಟ್ ಬಿಚ್ಚಿ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ಈ ಬಿಸಿಲಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಇಷ್ಟು ಜನ ಬಂದು ಕೂತಿದ್ದೀರಿ. ಹಿಂದಿನ ಸಾಲಲ್ಲಿ ಕೆಲವು ಹುಡುಗರ ಪಕ್ಕದಲ್ಲಿ ಅವರ ಅಪ್ಪಂದಿರೂ ಕಾಣುತ್ತಿದ್ದಾರೆ. ತುಂಬ ಖುಷಿ. ಇವತ್ತಿನ ಮಾತು ಹಳೆಯ ಕಂಪ್ಯೂಟರಿನಲ್ಲಿ ಗೇಮ್ ಆಡುವ ಬಗ್ಗೆ. ಅರ್ಧ ಆಡುವವರಿಗೆ, ಅರ್ಧ ದುಡ್ಡು ಕೊಡುವವರಿಗೆ.

ಎಫ್‌ಪಿಎಸ್ ಅಂದರೆ ಏನು ಅಂತ ಹುಡುಗರಿಗೆ ಹೇಳಬೇಕಾಗಿಲ್ಲ. ಅಪ್ಪಂದಿರಿಗೆ ಒಂದೇ ಮಾತು. ಪರದೆ ಮೇಲೆ ಒಂದು ಸೆಕೆಂಡಿಗೆ ಎಷ್ಟು ಚಿತ್ರ ಬಂದು ಹೋಗುತ್ತವೆ ಅನ್ನುವ ಲೆಕ್ಕ ಅದು. 30 ಬಂದರೆ ಆಡಬಹುದು, 60 ಬಂದರೆ ಆರಾಮ. ರಾತ್ರಿ ನಿಮ್ಮ ಮಗ ಕೋಣೆಯೊಳಗಿಂದ ಇದ್ದಕ್ಕಿದ್ದಂತೆ ಚೀರುತ್ತಾನಲ್ಲ, ಆಗ ಅದು 15ಕ್ಕೆ ಬಿದ್ದಿರುತ್ತದೆ. ಹೆದರಬೇಡಿ.

ನಾನು ಇಲ್ಲಿ ಬಂದು ನಿಂತಿರುವುದು ಒಂದು ಸಂಕಟದಿಂದ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಮಾಮೂಲಿ ಭದ್ರತಾ ಅಪ್‌ಡೇಟ್, ಮುಗಿಯಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಹೋಗಬೇಕೆಂದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ಜನರೇಷನ್ ಪ್ರೊಸೆಸರ್, ಅಂದರೆ ಲೆಕ್ಕ ಹಾಕುವ ಮುಖ್ಯ ಚಿಪ್, ಬೇಕು. ಅಷ್ಟಕ್ಕೇ 4ನೇ, 6ನೇ ಜನರೇಷನ್‌ನ ಗಟ್ಟಿಮುಟ್ಟಾದ ಮಷೀನುಗಳು ಗುಜರಿ ಸೇರುತ್ತಿವೆ. ಭದ್ರತೆಯ ಮಾತು ನಿಜ, ಅಂಥ ಮಷೀನಿನಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ ಅಂತ ನಾನೂ ಹೇಳುತ್ತೇನೆ. ಆದರೆ ಅಕ್ಟೋಬರ್ 13ಕ್ಕೆ 60 ಕೊಡುತ್ತಿದ್ದ ಮಷೀನು 15ಕ್ಕೂ 60 ಕೊಡುತ್ತಿತ್ತು. ಅದನ್ನು ಸುಮ್ನೆ ಬಿಸಾಕಬೇಡಿ. ಇನ್ನು ಕೆಲವರು ಬಿಸಾಕುವುದಿಲ್ಲ, ನೇರವಾಗಿ ಪರದೆಯ ಚಿತ್ರ ಬಿಡಿಸುವ ಹೊಸ ಗ್ರಾಫಿಕ್ಸ್ ಕಾರ್ಡ್ ತಂದು ಸಿಗಿಸುತ್ತಾರೆ. ಅದೂ ಅವಸರವೇ. ಹಣ ಬಿಚ್ಚುವ ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ. ಒಳಗೆ ಯಾರು ಯಾರಿಗಾಗಿ ಕಾಯುತ್ತಿದ್ದಾರೆ?

ಇದನ್ನು ನನಗಿಂತ ಚೆನ್ನಾಗಿ ಹೇಳಿದವರು ಬನಹಟ್ಟಿಯ ಒಬ್ಬ ನೇಕಾರರು. ಆ ಕಥೆ ಹೇಳಲೇಬೇಕು.

ರಬಕವಿ-ಬನಹಟ್ಟಿ ಅಂದರೆ ನಿಮಗೆ ಗೊತ್ತು, ಬೀದಿಗೆ ಕಾಲಿಟ್ಟರೆ ಪವರ್‌ಲೂಮ್ ಸದ್ದು. ಅಲ್ಲಿಂದ ಒಬ್ಬ ಹುಡುಗ ಅಪ್ಪನ ಜೊತೆ ನನ್ನ ಅಂಗಡಿಗೆ ಬಂದ. ಮೋಟರ್‌ಸೈಕಲ್ ಹಿಂದೆ ಕೂತು, ಕ್ಯಾಬಿನೆಟ್ಟನ್ನು ಚಾದರದಲ್ಲಿ ಸುತ್ತಿ ಮಗುವಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ತಂದಿದ್ದ. ಐ5-4590 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ, ಜಿಟಿಎಕ್ಸ್ 1050 ಟಿಐ ಕಾರ್ಡ್. ಆಟ ಶುರು ಮಾಡಿದಾಗ 60 ಬರುತ್ತದಂತೆ. ಸ್ವಲ್ಪ ಹೊತ್ತಿಗೆ 25. ಆಮೇಲೆ ತಡವರಿಸಿ ತಡವರಿಸಿ ಓಡುತ್ತದೆ. "ಸರ, ಕಾರ್ಡ್ ಸಾಯಾಕತ್ತೈತಿ, ಹೊಸಾದು ಹಾಕ್ರಿ" ಅಂದ. ಅಪ್ಪ ಇಪ್ಪತ್ತು ಸಾವಿರ ತಂದಿದ್ದರು. ಸೀರೆ ನೇಯ್ದು ಉಳಿಸಿದ ದುಡ್ಡು.

ಮೊದಲು ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ಬೀಳುತ್ತಿದೆ ಅಂದರೆ ಕಾರ್ಡನ್ನು ಬೈಯುವ ಮೊದಲು ಶಾಖ ನೋಡಬೇಕು, ಅಲ್ವಾ? ಆ ಪ್ರೊಸೆಸರ್ 100 ಡಿಗ್ರಿ ಹತ್ತಿರ ಹೋದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಕ್ಯಾಬಿನೆಟ್ ಬಿಚ್ಚಿದೆ. ಪ್ರೊಸೆಸರ್ ಮೇಲಿನ ಫ್ಯಾನ್ ತೆಗೆದರೆ ಕೆಳಗೆ ಶಾಖ ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕೇ ಕಾಣಲಿಲ್ಲ. ಕಂಬಳಿ ಹೊದಿಸಿದ ಹಾಗೆ ದಪ್ಪನೆಯ ಒಂದು ಪದರ. ಅಪ್ಪ ಬಗ್ಗಿ ನೋಡಿ, ಬೆರಳಲ್ಲಿ ಒಂದು ಎಳೆ ಎತ್ತಿ ತಿಕ್ಕಿದರು. "ಇದು ನಮ್ಮ ಮಗ್ಗದ ಧೂಳ ಐತಲ್ರೀ!" ಮಗನ ಕಡೆ ತಿರುಗಿ, "ಏ ತಮ್ಮಾ, ದಿನಾ ಮಗ್ಗ ಒರಸತೀವಿ, ಇದನ್ನ ಒಮ್ಮ್ಯಾರ ಒರಸಿಯೇನ?" ಅಂದರು. ಹುಡುಗ ನೆಲ ನೋಡಿದ.

ಮಗ್ಗದ ಕೋಣೆಯ ಪಕ್ಕದಲ್ಲೇ ಕಂಪ್ಯೂಟರ್ ಇತ್ತು. ನೂಲಿನ ಧೂಳು ಮಣ್ಣಿನ ಧೂಳಿನ ಹಾಗೆ ಉದುರಿ ಹೋಗುವುದಿಲ್ಲ. ಹೆಣೆದುಕೊಂಡು ಕೂರುತ್ತದೆ. ಗುಳೇದಗುಡ್ಡ, ಇಳಕಲ್ ಕಡೆಯವರು ಯಾರಾದರೂ ಇದ್ದರೆ ಇವತ್ತೇ ಮನೆಗೆ ಹೋಗಿ ನೋಡಿ. ಬ್ಲೋವರ್ ಹೊಡೆದೆವು. ಹೊಡೆಯುವಾಗ ಫ್ಯಾನ್ ರೆಕ್ಕೆ ಕೈಯಲ್ಲಿ ಹಿಡಿದಿರಬೇಕು, ಬುಗುರಿಯ ಹಾಗೆ ತಿರುಗಲು ಬಿಡಬಾರದು. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಒಣಗಿ ಸುಣ್ಣವಾಗಿದ್ದ ಹಳೆಯ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು. ಪೂರ್ತಿ ಲೋಡ್ ಕೊಟ್ಟು ಬಿಟ್ಟೆವು. ಶಾಖ 70ರ ಆಸುಪಾಸಿಗೆ ನಿಂತಿತು. ಎಫ್‌ಪಿಎಸ್ ಬೀಳಲಿಲ್ಲ.

ಆದರೂ ನಡುನಡುವೆ ತಡವರಿಸುವುದು ಉಳಿದಿತ್ತು. ಆಗ ನಾನು ಅಪ್ಪನಿಗೆ ವಿವರಿಸಿದೆ. ಪ್ರತಿ ಚಿತ್ರಕ್ಕೂ ಮೊದಲು ಪ್ರೊಸೆಸರ್ ಲೆಕ್ಕ ಹಾಕುತ್ತದೆ. ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು, ಏನೇನು ಬಿಡಿಸಬೇಕು, ಎಲ್ಲ. ಆ ಪಟ್ಟಿ ಸಿಕ್ಕ ಮೇಲೆ ಗ್ರಾಫಿಕ್ಸ್ ಕಾರ್ಡ್ ಚಿತ್ರ ಬಿಡಿಸುತ್ತದೆ. ಅವರು ತಟ್ಟನೆ ಅಂದರು, "ಅಂದ್ರ ಕಂಡಿಕಿ ಸುತ್ತೋರು ತಡಾ ಮಾಡಿದ್ರ ಮಗ್ಗ ನಿಂತಂಗ ಅನ್ರೀ."

ಅದೇ ಮಾತು! ಕಂಡಿಕೆ, ಅಂದರೆ ಮಗ್ಗಕ್ಕೆ ನೂಲು ಸುತ್ತಿದ ಕೊಳವೆ, ಬರುವುದು ತಡವಾದರೆ, ಲಕ್ಷ ರೂಪಾಯಿಯ ಹೊಸ ಮಗ್ಗ ತಂದಿಟ್ಟರೂ ಸೀರೆ ಒಂದು ಗೇಣೂ ಹೆಚ್ಚು ಬರುವುದಿಲ್ಲ. ಹೊಸ ಮಗ್ಗ ಇನ್ನೂ ಜಾಸ್ತಿ ಹೊತ್ತು ಖಾಲಿ ನಿಂತಿರುತ್ತದೆ, ಅಷ್ಟೇ. ನಾನು ಎಷ್ಟೋ ಹುಡುಗರಿಗೆ ಇದನ್ನು ಹೇಳಲು ಒದ್ದಾಡಿದ್ದೇನೆ. ಆ ಹಿರಿಯರು ಒಂದೇ ಉಸಿರಲ್ಲಿ ಹೇಳಿಬಿಟ್ಟರು.

ಹಾಗಾದರೆ ಯಾರು ಕಾಯುತ್ತಿದ್ದಾರೆ ಅಂತ ಕಂಡುಹಿಡಿಯುವುದು ಹೇಗೆ? ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಆಟದ ರೆಸಲ್ಯೂಷನ್, ಅಂದರೆ ಚಿತ್ರದಲ್ಲಿರುವ ಚುಕ್ಕಿಗಳ ಲೆಕ್ಕ, 1080ರಿಂದ 720ಕ್ಕೆ ಇಳಿಸಿ. ಕಾರ್ಡಿನ ಕೆಲಸ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಎಫ್‌ಪಿಎಸ್ ಜಿಗಿಯಿತೋ, ಹಿಡಿದಿಟ್ಟಿದ್ದು ಕಾರ್ಡ್. ಇದ್ದಲ್ಲೇ ಇತ್ತೋ, ತಡ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಪ್ರೋಗ್ರಾಂ ಪುಕ್ಕಟೆ ಸಿಗುತ್ತದೆ, ಆಡುವಾಗಲೇ ಪರದೆ ಮೂಲೆಯಲ್ಲಿ ಎಲ್ಲ ಅಂಕಿ ತೋರಿಸುತ್ತದೆ. ಕಾರ್ಡಿನ ಬಳಕೆ ಶೇಕಡಾ 97, 98ರಲ್ಲಿ ನಿಂತಿದ್ದರೆ ಅದು ಪೂರ್ತಿ ದುಡಿಯುತ್ತಿದೆ. ಬಳಕೆ ಶೇಕಡಾ 60ರಲ್ಲಿ ಇದ್ದು, ಎಫ್‌ಪಿಎಸ್‌ಗೆ ನೀವು ಮಿತಿ ಹಾಕಿಲ್ಲದಿದ್ದರೆ, ಅದು ಕಾಯುತ್ತಿದೆ. ಪ್ರೊಸೆಸರ್ ಅಂಕಿ ನೋಡಿ ಮಾತ್ರ ಮೋಸ ಹೋಗಬೇಡಿ. ಒಟ್ಟು ಬಳಕೆ 50 ಅಂತ ತೋರಿಸಿದರೂ ನಾಲ್ಕು ಕೋರ್‌ಗಳಲ್ಲಿ ಒಂದು ಪೂರ್ತಿ ತುಂಬಿ ಏದುಸಿರು ಬಿಡುತ್ತಿರಬಹುದು. ಇಡೀ ಆಟ ಆ ಒಂದಕ್ಕೇ ಕಾಯುತ್ತದೆ.

ಇನ್ನೊಂದು. ಸರಾಸರಿ ಎಫ್‌ಪಿಎಸ್ ಹಿಡಿದುಕೊಂಡು ಕೂರಬೇಡಿ. 60 ಎಫ್‌ಪಿಎಸ್ ಅಂದರೆ ಪ್ರತಿ ಚಿತ್ರಕ್ಕೆ 16.7 ಮಿಲಿಸೆಕೆಂಡ್. ಐವತ್ತೈದು ಚಿತ್ರ ಬೇಗ ಬಂದು ಒಂದೇ ಒಂದು 100 ಮಿಲಿಸೆಕೆಂಡ್ ತೆಗೆದುಕೊಂಡರೆ ಸರಾಸರಿ ಚೆನ್ನಾಗೇ ಕಾಣುತ್ತದೆ. ಆದರೆ ಕಣ್ಣಿಗೆ ಆ ಒಂದು ಚುಚ್ಚುತ್ತದೆ. ಎದುರಾಳಿ ಆಗಲೇ ನಿಮ್ಮನ್ನು ಹೊಡೆದಿರುತ್ತಾನೆ. ಅದಕ್ಕೇ 1% ಲೋ, ಅಂದರೆ ಅತಿ ನಿಧಾನದ 1% ಚಿತ್ರಗಳ ಲೆಕ್ಕ ಹೇಳುವ ಅಂಕಿ ನೋಡಿ. ಹಳೆಯ ಮಷೀನಿನ ಕಷ್ಟ ಜಾಸ್ತಿ ಅಲ್ಲೇ ಕಾಣುವುದು. ಬನಹಟ್ಟಿಯ ಹುಡುಗನ ಮಷೀನಿಗೆ ಅಂಥದ್ದೇ ಇನ್ನೊಂದು 8 ಜಿಬಿ ಕಡ್ಡಿ ಹಾಕಿದೆ. ಎರಡು ಕಡ್ಡಿ ಇದ್ದರೆ ಡ್ಯುಯಲ್ ಚಾನೆಲ್, ಪ್ರೊಸೆಸರಿಗೂ ಕಡ್ಡಿಗಳಿಗೂ ನಡುವಿನ ದಾರಿ 64 ಬಿಟ್‌ನಿಂದ 128 ಬಿಟ್‌ಗೆ ಅಗಲವಾಗುತ್ತದೆ. ಆಮೇಲೆ ಅದೇ ಬೋರ್ಡಿಗೆ ಕೂರುವ ಸೆಕೆಂಡ್‌ಹ್ಯಾಂಡ್ ಐ7-4790. ಕೋರ್ ನಾಲ್ಕೇ, ಥ್ರೆಡ್ ಎಂಟು, ಅಂದರೆ ಒಟ್ಟಿಗೆ ಎಂಟು ಕೆಲಸ ಹಿಡಿಯುತ್ತದೆ. ತಡವರಿಸುವುದು ಬಹುಪಾಲು ಹೋಯಿತು. ಇಪ್ಪತ್ತು ಸಾವಿರದಲ್ಲಿ ಮುಕ್ಕಾಲು ಪಾಲು ಅಪ್ಪನ ಜೇಬಿನಲ್ಲೇ ವಾಪಸ್ ಹೋಯಿತು. ಹುಡುಗರೇ, ಚಪ್ಪಾಳೆ ನನಗೆ ಬೇಡ, ಆ ಹಿರಿಯರಿಗೆ ಹೊಡೆಯಿರಿ.

ಇಂಟೆಲ್ ಬದಲು ಎಎಂಡಿ ಪ್ರೊಸೆಸರ್ ಇಟ್ಟುಕೊಂಡವರು ಇದ್ದೀರಾ? ನೀವು ಪುಣ್ಯವಂತರು. 2017ರಲ್ಲಿ ರೈಜನ್ 5 1600 ತಂದವರು, ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್ ಆದ ಬಯೋಸ್ ಅಪ್‌ಡೇಟ್ ಮಾಡಿದರೆ ಅದೇ ಎಎಂ4 ಬೋರ್ಡಿನಲ್ಲಿ ರೈಜನ್ 5 5600 ಕೂರಿಸಬಹುದು. ಬಹಳಷ್ಟು ಬೋರ್ಡ್‌ಗಳಿಗೆ ಆ ಅಪ್‌ಡೇಟ್ ಬಂದಿದೆ, ನಿಮ್ಮದರ ಪಟ್ಟಿ ಮೊದಲು ನೋಡಿ. 2022ರಲ್ಲಿ ಬಂದ 5800ಎಕ್ಸ್3ಡಿ ಕೂಡ ಅದೇ ಸಾಕೆಟ್ಟಿಗೆ. ಐದು ವರ್ಷದ ಅಂತರದ ಪ್ರೊಸೆಸರ್ ಹಳೆಯ ಬೋರ್ಡಿಗೆ ಕೂರುವುದು ನಮ್ಮಂಥ ಊರಿನವರಿಗೆ ದೊಡ್ಡ ವರ. ಬಯೋಸ್ ಅಪ್‌ಡೇಟ್ ಮಾತ್ರ ಯುಪಿಎಸ್ ಮೇಲೆ ಮಾಡಿ. ಸಂಜೆ ಗಾಳಿ, ಗುಡುಗು ಇದ್ದಾಗ ಬೇಡವೇ ಬೇಡ. ನಡುವೆ ಕರೆಂಟ್ ಹೋದರೆ ಬೋರ್ಡ್ ಎದ್ದೇಳದೆ ಇರಬಹುದು.

ಈಗ ಕಾರ್ಡ್. ನೋಡಿ, ನಾನು ಕಾರ್ಡ್ ಕೊಳ್ಳಬೇಡಿ ಅನ್ನುತ್ತಿಲ್ಲ. ಪರೀಕ್ಷೆ ಮಾಡಿ ಅದೇ ತಡ ಅಂತ ಗೊತ್ತಾದರೆ ಖಂಡಿತ ಕೊಳ್ಳಿ. ಆದರೆ ನಿಮ್ಮ ಬೋರ್ಡಿಗೆ ಒಪ್ಪುವುದನ್ನು ಕೊಳ್ಳಿ. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗಕ್ಕೆ ಸಿಕ್ಕಿತು ಅಂತ ಒಬ್ಬರು ಎಚ್81 ಬೋರ್ಡಿಗೆ ಹಾಕಿಕೊಂಡು ಬಂದರು. ಆ ಕಾರ್ಡಿಗೆ ಇರುವುದು ಪಿಸಿಐ ಎಕ್ಸ್‌ಪ್ರೆಸ್ 4.0ರ ನಾಲ್ಕೇ ಲೇನ್, ಅಂದರೆ ಬೋರ್ಡಿನ ಜೊತೆ ಮಾಹಿತಿ ಸಾಗಿಸುವ ದಾರಿ. ಎಚ್81 ಕೊಡುವುದು 2.0. ಆ ದಾರಿಯ ವೇಗ ಕಾಲು ಭಾಗಕ್ಕೆ ಇಳಿಯಿತು. ಮೆಮೊರಿ 4 ಜಿಬಿ, ಅದು ತುಂಬಿದ ಕೂಡಲೇ ಕಾರ್ಡ್ ಆ ಸಣ್ಣ ದಾರಿಯಲ್ಲಿ ರ‍್ಯಾಮ್ ಕಡೆ ಓಡಬೇಕು. ಮತ್ತೆ ನೋಡಿ, ಕಂಡಿಕೆಗೆ ಕಾಯುವ ಮಗ್ಗ!

ಸೆಕೆಂಡ್‌ಹ್ಯಾಂಡ್ ತರುವವರು ಇನ್ನೊಂದು ತಿಳಿದಿರಿ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಅನ್ನುವ ಡಿಜಿಟಲ್ ನಾಣ್ಯ ತನ್ನ ಪದ್ಧತಿ ಬದಲಿಸಿ, ಗ್ರಾಫಿಕ್ಸ್ ಕಾರ್ಡ್ ಹಾಕಿ ಅದನ್ನು ಗಳಿಸುವ ಮೈನಿಂಗ್ ನಿಂತಿತು. ಹಗಲುರಾತ್ರಿ ದುಡಿದ ಕಾರ್ಡುಗಳು ಆಗ ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು. ಎಲ್ಲವೂ ಕೆಟ್ಟವಲ್ಲ. ಅರ್ಧ ಗಂಟೆ ಪೂರ್ತಿ ಲೋಡಿನಲ್ಲಿ ಓಡಿಸಿ ತೋರಿಸಿ ಅನ್ನಿ. ಒಪ್ಪದಿದ್ದರೆ ಎದ್ದು ಬನ್ನಿ. ಆರ್‌ಎಕ್ಸ್ 580 ಅಂತ ಕೊಟ್ಟರೆ ಅದು 2048 ಎಸ್‌ಪಿ ಮಾದರಿಯೋ ನೋಡಿ. ಆ ಮಾದರಿ ಒಳಗೆ ಅದಕ್ಕಿಂತ ಕೆಳಗಿನ 570ರ ಹಾಗೇ. ಹುಬ್ಬಳ್ಳಿಯಿಂದ ತಂದರೂ ಅಷ್ಟೇ, ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಂದರೂ ಅಷ್ಟೇ.

ಸಮಯ ಆಯಿತು ಅಂತ ಚೀಟಿ ಬಂತು. ಆಯಿತು, ಬೇಗ ಮುಗಿಸುತ್ತೇನೆ.

ಎಸ್‌ಎಸ್‌ಡಿ ಹಾಕಿ. ಲೋಡಿಂಗ್ ಬೇಗ ಆಗುತ್ತದೆ, ಹೊಸ ಜಾಗಕ್ಕೆ ಹೋದಾಗ ಎಳೆದಾಡುವುದು ಕಡಿಮೆಯಾಗುತ್ತದೆ. ಸರಾಸರಿ ಎಫ್‌ಪಿಎಸ್ ಏರುತ್ತದೆ ಅಂತ ನಿರೀಕ್ಷೆ ಬೇಡ. ಎಫ್‌ಎಸ್‌ಆರ್ ಅಂದರೆ ಚಿತ್ರವನ್ನು ಸಣ್ಣದಾಗಿ ಬಿಡಿಸಿ ದೊಡ್ಡದು ಮಾಡಿ ತೋರಿಸುವ ತಂತ್ರ. ಅದು ಇರುವ ಆಟಗಳಲ್ಲಿ ಆನ್ ಮಾಡಿ, ಜಿಟಿಎಕ್ಸ್ 1060ರಲ್ಲೂ ನಡೆಯುತ್ತದೆ. ಮಾನಿಟರ್ ಕೇಬಲ್ ಬೋರ್ಡಿಗೆ ಚುಚ್ಚಿದ್ದರೆ ತೆಗೆದು ಕಾರ್ಡಿಗೆ ಚುಚ್ಚಿ. ನಗಬೇಡಿ, ಇದು ವಾರಕ್ಕೊಮ್ಮೆಯಾದರೂ ನನ್ನ ಮೇಜಿಗೆ ಬರುತ್ತದೆ. 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಚಿತ್ರ ತೋರಿಸಬಲ್ಲ ಮಾನಿಟರ್ ತಂದವರು ವಿಂಡೋಸ್ ಸೆಟ್ಟಿಂಗ್‌ನಲ್ಲಿ ಅದು 60ಕ್ಕೇ ಕೂತಿಲ್ಲವೇ ನೋಡಿ.

ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಕ್ಕೂ ಕರೆಂಟ್ ಹಂಚುವ ಡಬ್ಬಿ, ಅದರ ಬಗ್ಗೆ ಹತ್ತು ನಿಮಿಷ ಇಟ್ಟುಕೊಂಡಿದ್ದೆ, ಒಂದೇ ನಿಮಿಷ ಕೊಡಿ. ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿದ್ದರೆ ನಂಬಬೇಡಿ. ಪಕ್ಕದ ಸ್ಟಿಕ್ಕರಿನಲ್ಲಿ 12 ವೋಲ್ಟ್ ಸಾಲು ಓದಿ. ಅಲ್ಲಿ 18 ಆಂಪಿಯರ್ ಅಂತಿದ್ದರೆ ಹನ್ನೆರಡರಿಂದ ಗುಣಿಸಿ, 216 ವ್ಯಾಟ್. ಆರ್‌ಎಕ್ಸ್ 580 ಒಂದೇ 185 ವ್ಯಾಟ್ ಕೇಳುತ್ತದೆ. ಪ್ರೊಸೆಸರಿಗೆ ಏನು ಉಳಿಯಿತು? ಎಸ್‌ಎಂಪಿಎಸ್ ಬದಲಿಸಲು ದುಡ್ಡಿಲ್ಲ ಅಂದರೆ 75 ವ್ಯಾಟ್ ಒಳಗಿನ ಕಾರ್ಡ್ ನೋಡಿ, ಜಿಟಿಎಕ್ಸ್ 1650 ತರಹದ್ದು. ಅದರಲ್ಲೂ ಬೇರೆ ಪವರ್ ವೈರ್ ಬೇಡದ ಮಾದರಿ ಕೇಳಿ ತನ್ನಿ.

ಪ್ರಶ್ನೆ ಇರುವವರು ಎಡಗಡೆ ಮೇಜಿನ ಹತ್ತಿರ ಬನ್ನಿ, ಅಲ್ಲೇ ಇರುತ್ತೇನೆ. ಪ್ರೊಸೆಸರ್, ಬೋರ್ಡ್, ಎಸ್‌ಎಂಪಿಎಸ್ ಮೂರರ ಹೆಸರೂ ಬರೆದುಕೊಂಡು ಬನ್ನಿ. ಬರೀ "ಸರ, ಲ್ಯಾಗ್ ಆಗತೈತಿ" ಅಂದರೆ 720ರಲ್ಲಿ ಎಷ್ಟು ಬಂತು ಅಂತ ನಾನು ಮೊದಲು ಕೇಳುತ್ತೇನೆ.