ನೆಪೀಯನ್ ಯಾರ ಸೀಟು?

ಕೇಳುಗರೆಲ್ಲರಿಗೂ ನಮಸ್ಕಾರ.

2022ರ ಮೇ ತಿಂಗಳಲ್ಲಿ ಒಂದು ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬೇಕು. ನನಗಂತೂ ಒಂದೇ ದಿನ ಏಳೆಂಟು ಗ್ರೂಪುಗಳಿಂದ ಬಂತು. ಕೆನಡಾದ ಸಂಸತ್ತು. ಕೋಟು ಹಾಕಿದ ಒಬ್ಬ ಸದಸ್ಯರು ಎದ್ದು ನಿಂತು ಕನ್ನಡದಲ್ಲಿ ಮಾತು ಶುರು ಮಾಡುತ್ತಾರೆ, ಕುವೆಂಪು ಅವರ ಸಾಲಿನೊಂದಿಗೆ ಮುಗಿಸುತ್ತಾರೆ. ಅವರು ಚಂದ್ರ ಆರ್ಯ. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ದ್ವಾರಾಳು ಗ್ರಾಮದವರು. ಧಾರವಾಡದಲ್ಲಿ ಎಂಬಿಎ ಓದಿ, 2006ರಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದವರು.

ನಾವೆಲ್ಲ ಖುಷಿಪಟ್ಟೆವು, ಫಾರ್ವರ್ಡ್ ಮಾಡಿದೆವು. ಆದರೆ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಅವರನ್ನು ಅಲ್ಲಿ ನಿಲ್ಲಿಸಿದ್ದು ಯಾರ ಓಟು? ಕನ್ನಡಿಗರ ಓಟಿನಿಂದಲೇ ಗೆಲ್ಲುವಷ್ಟು ಕನ್ನಡಿಗರು ಆ ಕ್ಷೇತ್ರದಲ್ಲಿಲ್ಲ. ಆ ಕ್ಷೇತ್ರದ ಹೆಸರು ನೆಪೀಯನ್. ಇವತ್ತು ಅದರ ಕಥೆ.

ನನ್ನ ಅಕ್ಕನ ಮಗಳು ಇರುವುದು ಅಲ್ಲೇ. ನೆಪೀಯನ್ನಿನ ಬಾರ್‌ಹೇವನ್ ಎಂಬ ಬಡಾವಣೆಯಲ್ಲಿ. "ಚಿಕ್ಕಮ್ಮ, ಇಲ್ಲಿ ಕ್ಷೇತ್ರ ಅನ್ನೋದಕ್ಕೆ ರೈಡಿಂಗ್ ಅಂತಾರೆ" ಎಂದು ಒಮ್ಮೆ ಹೇಳಿದಳು. ನಾನು ಕುದುರೆ ಸವಾರಿಗೂ ಎಲೆಕ್ಷನ್ನಿಗೂ ಏನಪ್ಪಾ ಸಂಬಂಧ ಅಂದುಕೊಂಡೆ. ಸಂಬಂಧ ಇಲ್ಲ. ಅದು ಇಂಗ್ಲೆಂಡಿನ ಯಾರ್ಕ್‌ಷೈರಿನ ಹಳೆಯ ಪದ. ಆ ಸೀಮೆಯನ್ನು ಮೂರು ಭಾಗ ಮಾಡಿದ್ದರು, 'ಮೂರನೇ ಒಂದು ಪಾಲು' ಎಂಬ ಅರ್ಥದ ಮಾತೇ ಸವೆದು ಸವೆದು ರೈಡಿಂಗ್ ಆಯಿತು. ಆದರೆ ತಮಾಷೆ ನೋಡಿ, ಬಾರ್‌ಹೇವನ್ನಿಗೆ ಕುದುರೆ ಬರುವುದು ಸ್ವಲ್ಪದರಲ್ಲೇ ತಪ್ಪಿತ್ತು. 1960ರ ದಶಕದಲ್ಲಿ ಮೆಲ್ ಬಾರ್ ಎನ್ನುವವರು ಅಲ್ಲಿ ಹೊಲ ಕೊಂಡರು. ಕುದುರೆ ರೇಸಿನ ಮೈದಾನ ಮಾಡುವ ಆಲೋಚನೆಯಿತ್ತು. ಅದು ಕೂಡಿಬರಲಿಲ್ಲ. ಮನೆ ಕಟ್ಟಿಸಿದರು. ಅವರ ಹೆಸರೇ ಊರಿಗೆ ಉಳಿಯಿತು.

ನೆಪೀಯನ್ ಎಂಬ ಹೆಸರೂ ನಮಗೆ ಪೂರ್ತಿ ಹೊಸದಲ್ಲ. ಮುಂಬೈಯಲ್ಲಿ ನೇಪಿಯನ್ ಸೀ ರೋಡ್ ಇದೆಯಲ್ಲ, ಅದೂ ಇದೂ ಒಬ್ಬರದೇ ಹೆಸರು. ಸರ್ ಇವಾನ್ ನೆಪೀಯನ್. ಲಂಡನ್ನಿನಲ್ಲಿ ಕೂತು ವಸಾಹತುಗಳ ಕಾಗದಪತ್ರ ನೋಡುತ್ತಿದ್ದ ಅಧಿಕಾರಿ, ಆಮೇಲೆ 1812ರಿಂದ 1819ರವರೆಗೆ ಮುಂಬೈ ಗವರ್ನರ್. ಧಾರವಾಡ, ಬೆಳಗಾವಿ ಕಡೆಯ ನಾಡು ಪೇಶ್ವೆಗಳ ಕೈತಪ್ಪಿ ಬ್ರಿಟಿಷರ ಪಾಲಾದಾಗ ಮುಂಬೈಯಲ್ಲಿ ಕುರ್ಚಿಯ ಮೇಲೆ ಇದ್ದದ್ದು ಇವರೇ. ಧಾರವಾಡದಲ್ಲಿ ಓದಿದ ಹುಡುಗನೊಬ್ಬ ಇನ್ನೂರು ವರ್ಷದ ಮೇಲೆ ಅದೇ ಹೆಸರಿನ ಊರಿನಿಂದ ಸಂಸತ್ತಿಗೆ ಹೋದ. ಇದರಲ್ಲಿ ದೊಡ್ಡ ಅರ್ಥ ಏನೂ ಇಲ್ಲ. ಸುಮ್ನೆ ಹೇಳಿದೆ.

ನೆಪೀಯನ್ ಮೊದಲು ಹೊಲಗದ್ದೆಯ ಟೌನ್‌ಶಿಪ್. ರಾಜಧಾನಿ ಒಟ್ಟಾವಾದ ಪಕ್ಕದಲ್ಲಿದ್ದ ಕಾರಣ ಬೆಳೆಯಿತು. 1978ರಲ್ಲಿ ಸ್ವಂತ ನಗರಸಭೆ ಆಯಿತು, 2001ರಲ್ಲಿ ಒಟ್ಟಾವಾದ ಹೊಟ್ಟೆಯೊಳಗೆ ಸೇರಿಹೋಯಿತು. ನಮ್ಮ ಯಲಹಂಕ, ಬೊಮ್ಮನಹಳ್ಳಿಗಳು ಬೆಂಗಳೂರಿಗೆ ಸೇರಿದ ಹಾಗೆ. ಸರಕಾರಿ ನೌಕರರು ಜಾಸ್ತಿ. ಟೆಕ್ ಕಂಪನಿಗಳವರೂ ಇದ್ದಾರೆ. ಚೀನೀಯರು, ಅರಬ್ಬರು, ಆಫ್ರಿಕಾದಿಂದ ಬಂದವರು, ನಮ್ಮ ಕಡೆಯವರು ಎಲ್ಲರೂ ಇದ್ದಾರೆ. ಅಕ್ಕನ ಮಗಳ ಬೀದಿಯ ಲೆಕ್ಕ ಕೇಳಿ: ಎಡಗಡೆ ಲೆಬನಾನಿನವರು, ಬಲಗಡೆ ಶಾಂಘೈನವರು, ಎದುರಿಗೆ ಮೂರು ತಲೆಮಾರಿನಿಂದ ಅಲ್ಲೇ ಇರುವ ಐರಿಷ್ ಮೂಲದ ಅಜ್ಜ. ಹಿಮ ಬಿದ್ದಾಗ ಎಲ್ಲರ ಮನೆ ಮುಂದೂ ದಾರಿ ತೆಗೆದುಕೊಡುವುದು ಆ ಅಜ್ಜನೇ.

ಈಗ ಓಟಿನ ವಿಷಯಕ್ಕೆ ಬರೋಣ. ಈ ಸೀಟು ಯಾವತ್ತೂ ಒಬ್ಬರ ಜೇಬಿನಲ್ಲಿ ಕೂತಿಲ್ಲ. 1979ರಲ್ಲಿ ನೆಪೀಯನ್–ಕಾರ್ಲ್‌ಟನ್ ಎಂಬ ಕ್ಷೇತ್ರದಲ್ಲಿ ಮೊದಲ ಚುನಾವಣೆ. ಗೆದ್ದವರು ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ವಾಲ್ಟರ್ ಬೇಕರ್. ಮರುವರ್ಷವೇ ದೇಶದಲ್ಲಿ ಎದುರಾಳಿ ಲಿಬರಲ್ ಪಕ್ಷದ ಗಾಳಿ ಬೀಸಿತು, ಬೇಕರ್ ಅಲುಗಾಡಲಿಲ್ಲ. ಬಾರ್‌ಹೇವನ್ನಿನ ದೊಡ್ಡ ಕ್ರೀಡಾಕೇಂದ್ರಕ್ಕೆ ಇವತ್ತಿಗೂ ಅವರದೇ ಹೆಸರು. ನನ್ನ ಮೊಮ್ಮಗ ಈಜು ಕಲಿತದ್ದು ಅಲ್ಲೇ.

1988ರಲ್ಲಿ ಉಲ್ಟಾ. ದೇಶವೆಲ್ಲ ಕನ್ಸರ್ವೇಟಿವ್ ಸರಕಾರವನ್ನೇ ಮತ್ತೆ ಆರಿಸಿತು, ನೆಪೀಯನ್ ಮಾತ್ರ ಬೆರಿಲ್ ಗ್ಯಾಫ್ನಿ ಎಂಬ ಲಿಬರಲ್ ಹೆಂಗಸನ್ನು ಕಳಿಸಿತು. ಅವರ ನಂತರ ಇನ್ನೊಬ್ಬ ಲಿಬರಲ್, ಡೇವಿಡ್ ಪ್ರಾಟ್. ರಕ್ಷಣಾ ಮಂತ್ರಿಯೂ ಆದರು. ಮಂತ್ರಿ ಅಂದಮೇಲೆ ಸೋಲ್ತಾರಾ? 2004ರಲ್ಲಿ ಸೋತರು. ಸೋಲಿಸಿದವನು 25 ವರ್ಷದ ಹುಡುಗ, ಕನ್ಸರ್ವೇಟಿವ್ ಪಕ್ಷದ ಪಿಯೆರ್ ಪೊಲಿಯೆವ್ರ್. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಅಲ್ಲಿಂದ 2015ರವರೆಗೆ ಅವರದೇ ಸೀಟು.

ಹಾಗಿದ್ದರೆ ಆರ್ಯ ಹೇಗೆ ಗೆದ್ದರು? ಅರ್ಧ ಉತ್ತರ ನಕ್ಷೆಯಲ್ಲಿದೆ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದಮೇಲೆ ಕೆನಡಾದಲ್ಲಿ ಕ್ಷೇತ್ರದ ಗೆರೆಗಳನ್ನು ಹೊಸದಾಗಿ ಎಳೆಯುತ್ತಾರೆ. ಎಳೆಯುವುದು ಪಕ್ಷಗಳಲ್ಲ, ಪ್ರಾಂತಕ್ಕೊಂದು ಸ್ವತಂತ್ರ ಆಯೋಗ ಇರುತ್ತದೆ. 2015ಕ್ಕೆ ಸೀಟುಗಳು 308ರಿಂದ 338 ಆದವು. ಆಗ ನೆಪೀಯನ್–ಕಾರ್ಲ್‌ಟನ್ನನ್ನು ಸೀಳಿದರು. ಹಳ್ಳಿ, ಹೊಲದ ಕಡೆಯ ಪಾಲು ಕಾರ್ಲ್‌ಟನ್ ಆಯಿತು, ಬಡಾವಣೆಗಳ ಪಾಲು ನೆಪೀಯನ್ ಆಯಿತು. ಪೊಲಿಯೆವ್ರ್ ಕಾರ್ಲ್‌ಟನ್ ಹಿಡಿದುಕೊಂಡರು. ಖಾಲಿ ಉಳಿದ ನೆಪೀಯನ್ನಿನಲ್ಲಿ ಲಿಬರಲ್ ಪಕ್ಷದಿಂದ ಆರ್ಯ, ಕನ್ಸರ್ವೇಟಿವ್ ಪಕ್ಷದಿಂದ ಆಂಡಿ ವಾಂಗ್. ಅದು ಜಸ್ಟಿನ್ ಟ್ರುಡೊ ಅಲೆಯ ವರ್ಷ. ಆರ್ಯ ಅರ್ಧಕ್ಕಿಂತ ಜಾಸ್ತಿ ಓಟು ತಗೊಂಡರು. 2019ರಲ್ಲೂ 2021ರಲ್ಲೂ ಗೆದ್ದರು, ಆದರೆ ಆ ಎರಡೂ ಸಲ ಅರ್ಧ ಮುಟ್ಟಲಿಲ್ಲ. ನಮ್ಮ ಹಾಗೇ ಅಲ್ಲೂ ಹೆಚ್ಚು ಓಟು ಬಂದವರೇ ಗೆದ್ದರು, ಅರ್ಧ ದಾಟಲೇಬೇಕು ಅಂತ ಇಲ್ಲ.

ಇನ್ನೊಂದು ವಿಚಿತ್ರ ಇದೆ. ಇದೇ ಬೀದಿಗಳ ಇದೇ ಜನ ಒಂಟಾರಿಯೊ ಪ್ರಾಂತದ ವಿಧಾನಸಭೆಗೆ ಅದೇ ವರ್ಷಗಳಲ್ಲಿ ಕನ್ಸರ್ವೇಟಿವ್ ಪಕ್ಷದ ಲೀಸಾ ಮ್ಯಾಕ್‌ಲಿಯೋಡ್ ಅವರನ್ನು ಕಳಿಸುತ್ತಿದ್ದರು. ದೆಹಲಿಗೊಬ್ಬರು, ವಿಧಾನಸೌಧಕ್ಕೊಬ್ಬರು ಎಂಬ ಆಟ ನಮಗೆ ಹೊಸದಲ್ಲ, ಅಲ್ವಾ? ವಲಸೆ ಬಂದವರೆಲ್ಲ ಒಂದೇ ಕಡೆ ಓಟು ಹಾಕುತ್ತಾರೆ ಎನ್ನುವವರು ಈ ಕ್ಷೇತ್ರವನ್ನೊಮ್ಮೆ ನೋಡಬೇಕು. 2025ರ ಫೆಬ್ರುವರಿಯಲ್ಲಿ ಅದೂ ತಿರುಗಿತು, ಪ್ರಾಂತದ ಸೀಟೂ ಲಿಬರಲ್ ಪಾಲಾಯಿತು.

ಆ ವರ್ಷ ನೆಪೀಯನ್ನಿಗೆ ಬಿಡುವೇ ಇರಲಿಲ್ಲ. ಜನವರಿಯಲ್ಲಿ ಪ್ರಧಾನಿ ಟ್ರುಡೊ ರಾಜೀನಾಮೆಯ ಮಾತು ಹೇಳಿದರು. ಆರ್ಯ ನಾನೂ ಪಕ್ಷದ ನಾಯಕತ್ವಕ್ಕೆ ನಿಲ್ಲುತ್ತೇನೆ ಎಂದರು. ಪಕ್ಷ ಒಪ್ಪಲಿಲ್ಲ. ಮಾರ್ಚಿನಲ್ಲಿ ನೆಪೀಯನ್ ಟಿಕೆಟ್ಟನ್ನೂ ಕಿತ್ತುಕೊಂಡಿತು. ಭಾರತ ಸರಕಾರದ ಜೊತೆ ಅವರ ಒಡನಾಟದ ಬಗ್ಗೆ ಪತ್ರಿಕೆಗಳು ಬರೆದವು. ತಪ್ಪೇನೂ ಮಾಡಿಲ್ಲ, ಯಾರನ್ನಾದರೂ ಭೇಟಿಯಾಗಲು ಅನುಮತಿ ಕೇಳಬೇಕಾದ್ದೂ ಇಲ್ಲ ಎಂದು ಅವರು ಹೇಳಿದರು. ಮೂರು ಸಲ ಗೆದ್ದವರಿಗೆ ಟಿಕೆಟ್ ಇಲ್ಲ ಅನ್ನುವಾಗ ಮತದಾರರಿಗೆ ಕಾರಣವನ್ನು ಬಿಡಿಸಿ ಹೇಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಟಿಕೆಟ್ ಸಿಕ್ಕಿದ್ದು ಮಾರ್ಕ್ ಕಾರ್ನಿಗೆ. ಮೊದಲು ಕೆನಡಾದ, ಆಮೇಲೆ ಇಂಗ್ಲೆಂಡಿನ ಕೇಂದ್ರ ಬ್ಯಾಂಕಿಗೆ ಗವರ್ನರ್ ಆಗಿದ್ದವರು. ಟ್ರುಡೊ ಜಾಗದಲ್ಲಿ ಪಕ್ಷದ ನಾಯಕರಾಗಿ ಮಾರ್ಚ್ 14ಕ್ಕೆ ಪ್ರಧಾನಿಯಾದಾಗ ಅವರು ಸಂಸದರೂ ಆಗಿರಲಿಲ್ಲ, ಜೀವನದಲ್ಲಿ ಒಂದು ಚುನಾವಣೆಯನ್ನೂ ಗೆದ್ದಿರಲಿಲ್ಲ. ಅವರಿಗೊಂದು ಸೀಟು ಬೇಕಿತ್ತು. ಗವರ್ನರ್ ಹೆಸರಿನ ಕ್ಷೇತ್ರಕ್ಕೆ ಇನ್ನೊಬ್ಬ ಗವರ್ನರ್ ಬಂದರು!

ಏಪ್ರಿಲ್ 28, ಸೋಮವಾರ. ಅಲ್ಲಿ ಓಟಿಗೆ ರಜೆ ಕೊಡುವುದಿಲ್ಲ, ಓಟು ಹಾಕಲು ಮೂರು ಗಂಟೆ ಬಿಡುವು ಸಿಗುವಂತೆ ನೋಡಿಕೊಳ್ಳಬೇಕು, ಅಷ್ಟೇ. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಒಂಬತ್ತೂವರೆವರೆಗೆ ಮತದಾನ. ಅಕ್ಕನ ಮಗಳು ಕೆಲಸ ಮುಗಿಸಿ ಸಂಜೆ ಹೋದಳಂತೆ. ಬೆರಳಿಗೆ ನಮ್ಮ ಮೈಸೂರಿನ ಮಸಿ ಇಲ್ಲ, ಮಷಿನ್ನೂ ಇಲ್ಲ. ಒಂದು ಕಾಗದ, ಒಂದು ಪೆನ್ಸಿಲ್. ಕಾಗದದ ತುಂಬ ಕಪ್ಪು, ಅದರ ಮೇಲೆ ಬಿಳಿಯಲ್ಲಿ ಹೆಸರುಗಳು, ಎದುರಿಗೆ ಬಿಳಿ ವೃತ್ತ. ಚಿಹ್ನೆ ಇಲ್ಲ, ಫೋಟೊ ಇಲ್ಲ. ರಟ್ಟಿನ ಮರೆಯ ಹಿಂದೆ ಕೂತು ವೃತ್ತದೊಳಗೆ ಗುರುತು ಹಾಕಿ ಮಡಚಿ ಕೊಟ್ಟರೆ, ಅಧಿಕಾರಿ ಅಂಚಿನ ತುಂಡು ಹರಿದುಕೊಂಡು ವಾಪಸ್ ಕೊಡುತ್ತಾರೆ. ಅದನ್ನು ರಟ್ಟಿನ ಡಬ್ಬಿಗೆ ಹಾಕಬೇಕು. "ಪೆನ್ಸಿಲ್ ಮೊಂಡಾಗಿತ್ತು ಚಿಕ್ಕಮ್ಮ, ಸಣ್ಣ ಮಕ್ಕಳ ಹಾಗೆ ಒತ್ತಿ ಒತ್ತಿ ಬರೆದೆ" ಅಂದಳು. ಅದೇ ರಾತ್ರಿ ಅಲ್ಲೇ ಡಬ್ಬಿ ಬಿಚ್ಚಿ ಕೈಯಲ್ಲೇ ಎಣಿಸುತ್ತಾರೆ.

ಕಾರ್ನಿ ನೂರಕ್ಕೆ 60ಕ್ಕಿಂತ ಜಾಸ್ತಿ ಓಟಿನಲ್ಲಿ ಗೆದ್ದರು. ಅಮೆರಿಕದ ಟ್ರಂಪ್ ಕೆನಡಾ ನಮ್ಮ 51ನೇ ರಾಜ್ಯ ಆಗಲಿ ಎಂದು ಕೆಣಕುತ್ತಿದ್ದರು, ಸುಂಕ ಹೇರುತ್ತಿದ್ದರು. ಆ ಸಿಟ್ಟು ಕೆಲಸ ಮಾಡಿತು. ಮೊದಲು ಎನ್‌ಡಿಪಿ ಎಂಬ ಎಡಪಕ್ಷಕ್ಕೆ ಹಾಕುತ್ತಿದ್ದವರು ಗುಂಪುಗುಂಪಾಗಿ ಲಿಬರಲ್ ಕಡೆಗೆ ಬಂದರು.

ನಿಜವಾದ ಆಶ್ಚರ್ಯ ಪಕ್ಕದ ಕಾರ್ಲ್‌ಟನ್ನಿನಲ್ಲಿತ್ತು. ನೆನಪಿಟ್ಟುಕೊಳ್ಳಿ ಅಂದೆನಲ್ಲ, ಆ ಪೊಲಿಯೆವ್ರ್ ಈಗ ವಿರೋಧ ಪಕ್ಷದ ನಾಯಕ, ಪ್ರಧಾನಿ ಆಗೇಬಿಟ್ಟರು ಎಂದು ವರ್ಷದ ಮೊದಲಲ್ಲಿ ಎಲ್ಲರೂ ನಂಬಿದ್ದವರು. ಅಲ್ಲಿ 91 ಜನ ಉಮೇದುವಾರರು! ಚುನಾವಣಾ ಪದ್ಧತಿ ಬದಲಾಗಲಿ ಎನ್ನುವ ಒಂದು ಗುಂಪು ಬೇಕೆಂದೇ ಅಷ್ಟು ಜನರನ್ನು ನಿಲ್ಲಿಸಿತ್ತು. ಮತಪತ್ರ ಹತ್ತಿರ ಹತ್ತಿರ ಒಂದು ಮೀಟರ್ ಉದ್ದ, ನಮ್ಮ ಹೆಗಲ ಮೇಲಿನ ಟವೆಲ್ಲಿನ ಹಾಗೆ. ಎಣಿಕೆ ಬೆಳಗಿನ ಜಾವದವರೆಗೆ ಎಳೆಯಿತು. ಎರಡು ವರ್ಷದಿಂದ ಮನೆ ಮನೆ ತಿರುಗಿದ್ದ ಬ್ರೂಸ್ ಫ್ಯಾನ್‌ಜಾಯ್ ಎಂಬ ಲಿಬರಲ್ ಗೆದ್ದರು. ಸರಕಾರಿ ನೌಕರರನ್ನು ಕಡಿಮೆ ಮಾಡುತ್ತೇವೆ ಎಂದ ನಾಯಕನಿಗೆ ಸರಕಾರಿ ನೌಕರರ ಊರು ಉತ್ತರ ಕೊಟ್ಟಿತು ಎಂದು ಕಾಣುತ್ತದೆ. ಒಂದು ಕಾಲಕ್ಕೆ ಒಂದೇ ಆಗಿದ್ದ ಕ್ಷೇತ್ರದ ಒಂದು ಪಾಲು ಪ್ರಧಾನಿಯನ್ನು ಕೊಟ್ಟಿತು, ಇನ್ನೊಂದು ಪಾಲು ವಿರೋಧ ಪಕ್ಷದ ನಾಯಕನನ್ನು ಮನೆಗೆ ಕಳಿಸಿತು. ಪೊಲಿಯೆವ್ರ್ ಆಗಸ್ಟಿನಲ್ಲಿ ದೂರದ ಆಲ್ಬರ್ಟಾದಲ್ಲಿ ಉಪಚುನಾವಣೆ ಗೆದ್ದು ಸಂಸತ್ತಿಗೆ ಮರಳಿದರು.

ಅಕ್ಕನ ಮಗಳ ಮನೆಯಲ್ಲಿ ನಾಲ್ಕು ಜನ, ಓಟು ಒಂದೇ. ಮಕ್ಕಳಿಬ್ಬರೂ ಚಿಕ್ಕವರು. ಅಳಿಯನ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್. ಕೆನಡಾದಲ್ಲಿ ಪೌರರಿಗಷ್ಟೇ ಓಟು, ಭಾರತ ಎರಡು ದೇಶದ ಪೌರತ್ವ ಒಪ್ಪುವುದಿಲ್ಲ. ಅಲ್ಲಿ ಪೌರರಾದರೆ ಇಲ್ಲಿಯ ಪಾಸ್‌ಪೋರ್ಟ್ ಒಪ್ಪಿಸಬೇಕು. ಅಂಥ ಮನೆಗಳು ಆ ಬಡಾವಣೆಯಲ್ಲಿ ಬೇಕಾದಷ್ಟಿವೆ. ತೆರಿಗೆ ಕಟ್ಟುತ್ತಾರೆ, ಹುಲ್ಲು ಕತ್ತರಿಸುತ್ತಾರೆ, ಓಟಿನ ದಿನ ಮನೆಯಲ್ಲಿರುತ್ತಾರೆ.

ಕಳೆದ ವಾರ ಫೋನಿನಲ್ಲಿ ಕೇಳಿದೆ, ಏನಾಯ್ತಮ್ಮ ಅವನ ಅರ್ಜಿ ಅಂತ. "ಫಾರಂ ಎಲ್ಲ ತುಂಬಿಟ್ಟಿದ್ದಾರೆ ಚಿಕ್ಕಮ್ಮ. ಕಳಿಸೋ ಬಟನ್ ಮಾತ್ರ ಒತ್ತಿಲ್ಲ. ಹಾಸನದ ಅತ್ತೆಗೆ ಮೊದಲು ಹೇಳ್ಬೇಕಂತೆ" ಅಂದಳು.

ನಮಸ್ಕಾರ.