‘ಹೇಗೆ ಗೊತ್ತು ಸಾರ್?’

(ಸಮಾಜ ವಿಜ್ಞಾನ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸ)

ಮದ್ದೂರು ತಾಲ್ಲೂಕಿನ ಮೇಷ್ಟ್ರುಗಳೇ, ಮೇಡಂಗಳೇ,

ಪಠ್ಯಪುಸ್ತಕದಲ್ಲಿ ಯಾವ ಪಾಠ ಬಂತು, ಯಾವುದು ಹೋಯಿತು ಎಂಬ ಜಗಳವನ್ನು ನಾನು ಎತ್ತುವುದಿಲ್ಲ. ಅದನ್ನು ನೀವು ದಿನಾ ಅನುಭವಿಸುತ್ತಿದ್ದೀರಿ. ನಾನು ಹೇಳಬೇಕೆಂದು ಬಂದದ್ದು ಒಂದೇ ಮಾತು. ಚರಿತ್ರೆಯ ಪೀರಿಯಡ್ಡಿನಲ್ಲಿ ಒಂದು ಮಗು ಎದ್ದು ನಿಂತು “ಇದು ಹೇಗೆ ಗೊತ್ತು ಸಾರ್?” ಎಂದು ಕೇಳಬೇಕು. ಪಾಣಿಪತ್ತಿನ ಬಗ್ಗೆ ಕೇಳಿದರೆ “ಪುಸ್ತಕದಲ್ಲಿದೆ, ಬರ್ಕೋ” ಅನ್ನುತ್ತೇವೆ. ಊರಿನ ಚರಿತ್ರೆಯಾದರೆ “ಬಾ, ನೋಡೋಣ” ಅನ್ನಬಹುದು.

ನಮ್ಮ ತಾಲ್ಲೂಕಿನ ಆತಕೂರಿನ ಶಾಸನದ ಕಲ್ಲು ನಿಮಗೆ ಗೊತ್ತಿರುವುದೇ. ಆದರೂ ಹೇಳುತ್ತೇನೆ, ಹೇಳದೆ ನನಗೆ ಸಮಾಧಾನವಿಲ್ಲ. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ಕಾಳಗ. ಒಂದು ಕಡೆ ರಾಷ್ಟ್ರಕೂಟ ಮೂರನೇ ಕೃಷ್ಣ, ಅವನ ಜೊತೆ ನಮ್ಮ ಗಂಗರ ಬೂತುಗ. ಎದುರಿಗೆ ಚೋಳರ ರಾಜಾದಿತ್ಯ. ರಾಜಾದಿತ್ಯ ಸತ್ತ. ಬೂತುಗನ ಕಡೆ ಮಣಲೇರ ಎಂಬ ವೀರನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿ “ಏನು ಬೇಕೋ ಕೇಳು” ಎಂದರೆ ಆ ಪುಣ್ಯಾತ್ಮ ಕೇಳಿದ್ದು ನಾಯಿಯನ್ನು! ಕಾಳಿ ಅಂತ ಅದರ ಹೆಸರು. ಊರು ಕೇಳಲಿಲ್ಲ, ಆನೆ ಕೇಳಲಿಲ್ಲ. ಇಲ್ಲಿಗೆ ತಂದ. ಬೆಳತೂರಿನ ಪಡುವಣ ಮೊರಡಿಯಲ್ಲಿ, ಅಂದರೆ ಪಶ್ಚಿಮದ ಗುಡ್ಡದಲ್ಲಿ, ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿ, ನಾಯಿ ಎರಡೂ ಒಟ್ಟಿಗೇ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಗದ್ದೆ ದತ್ತಿ ಬಿಟ್ಟ. ಗುಡಿಯ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ಎಂದು ಶಾಪವನ್ನೂ ಬರೆಸಿದ. ಶಕ 872, ಅಂದರೆ ಕ್ರಿ.ಶ. 949–50. ನಾಯಿ ಹಂದಿ ಕಾದಾಡುವ ಚಿತ್ರ ಕಲ್ಲಿನ ಮೇಲೇ ಇದೆ.

ಏಳನೇ ಕ್ಲಾಸಿನ ಮಕ್ಕಳಿಗೆ ಈ ಕಥೆ ಹೇಳಿ ನೋಡಿ. ರಾಷ್ಟ್ರಕೂಟರ ವಂಶಾವಳಿ ಮರೆತಾರು, ಕಾಳಿಯನ್ನು ಮರೆಯುವುದಿಲ್ಲ. ಕಾಳಿಯ ಹಿಂದೆಯೇ ಕೃಷ್ಣ, ಬೂತುಗ, ಚೋಳರು ಎಲ್ಲ ಬರುತ್ತಾರೆ.

ಈಗ ಕೇಳಬೇಕು: ರಾಜಾದಿತ್ಯನನ್ನು ಕೊಂದವರು ಯಾರು, ಹೇಗೆ ಗೊತ್ತು? ನಮ್ಮ ಕಲ್ಲಿನ ಪ್ರಕಾರ ಬೂತುಗ, ಆನೆಯ ಅಂಬಾರಿಯಲ್ಲೇ ಕತ್ತಿಯಿಂದ ಇರಿದ. ಚೋಳರ ತಾಮ್ರಶಾಸನದ ಪ್ರಕಾರ ಅವನು ಆನೆಯ ಮೇಲೆ ಕೃಷ್ಣನ ಬಾಣ ತಗುಲಿ ಸತ್ತ. ಗೆದ್ದವರು ಒಂದು ಬರೆಸಿದರು, ಸೋತವರು ಇನ್ನೊಂದು. ಎರಡನ್ನೂ ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಲ್ಲಿ. ಮಕ್ಕಳು ಜಗಳ ಶುರು ಮಾಡುತ್ತಾರೆ. ಆ ಜಗಳವೇ ಪಾಠ.

ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪ್ರವಾಸದ ಬಸ್ಸು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಹೇಗೂ ಹೋಗುತ್ತದೆ. ಅಲ್ಲೇ ಪಕ್ಕ. ಬಾಗಿಲು ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ, ಅರ್ಧ ಗಂಟೆ ಕಾಳಿಗೂ ಕೊಡಿ.

“ಪರೀಕ್ಷೆಗೆ ಬರುತ್ತಾ?” ಎಂದು ತಂದೆತಾಯಿಗಳು ಕೇಳುತ್ತಾರೆ. ಬರುವುದಿಲ್ಲ. ಆದರೆ ಮೊಬೈಲಿಗೆ ಬಂದ ಪ್ರತಿ ಸುದ್ದಿಯನ್ನೂ ಚರಿತ್ರೆ ಎಂದು ನಂಬುವ ಕಾಲದಲ್ಲಿ “ಹೇಗೆ ಗೊತ್ತು?” ಎನ್ನುವ ಅಭ್ಯಾಸ ಮಗುವಿಗೆ ಇನ್ನೆಲ್ಲಿ ಸಿಗಬೇಕು? ಊರಿನ ಚರಿತ್ರೆ ಊರಿನ ಜಂಭವಾಗಬಹುದು, ಜಾತಿಯ ಜಂಭವೂ ಆಗಬಹುದು ಎಂಬ ಭಯ ನನಗೂ ಇದೆ. ಪ್ರತಿ ಕೇರಿಯೂ ಒಬ್ಬ ಪಾಳೇಗಾರನನ್ನು ಹುಡುಕಿಕೊಂಡರೆ ಕಷ್ಟ. ಅದಕ್ಕೂ ಮದ್ದು ಇದೇ ಪ್ರಶ್ನೆ. ನಮ್ಮ ಕಲ್ಲು ಹೇಳಿದ್ದನ್ನೂ ಪ್ರಶ್ನಿಸುವುದನ್ನು ಕಲಿಸಿದ ಮೇಲೆ ಜಂಭಕ್ಕೆ ಜಾಗ ಕಡಿಮೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಅನ್ನ ಸಾರಿನ ವಾಸನೆಯೂ ಬರುತ್ತಿದೆ. ಬೇಗ ಹೇಳುತ್ತೇನೆ.

ಶಿವಪುರ. 1938ರ ಏಪ್ರಿಲ್‌ನಲ್ಲಿ ನಿಷೇಧ ಮೀರಿ ಇಲ್ಲೇ ಕಾಂಗ್ರೆಸ್ಸಿನವರು ಸ್ವಾತಂತ್ರ್ಯ ಹೋರಾಟದ ಬಾವುಟ ಹಾರಿಸಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ, ಅದೇ ಬಾವುಟಕ್ಕಾಗಿ ಸೇರಿದ್ದ ಜನರ ಮೇಲೆ ಪೊಲೀಸರ ಗುಂಡು ಹಾರಿತು. ಎರಡನ್ನೂ ಸೇರಿಸಿ ಹೇಳಿ. ಇನ್ನು ಕನ್ನಂಬಾಡಿ ಕಟ್ಟೆಯಿಂದ ಬರುವ ನಾಲೆ. ಅದರ ನೀರು ಬರುವ ಮೊದಲು ಅಜ್ಜಿ ಏನು ಉಣ್ಣುತ್ತಿದ್ದರು ಎಂದು ಮಕ್ಕಳು ಮನೆಯಲ್ಲೇ ಕೇಳಲಿ. ರಾಗಿಯ ಹೊಲ ಯಾವಾಗ ಕಬ್ಬಿನ ಗದ್ದೆಯಾಯಿತು, ಯಾರಿಗೆ ನೀರು ಸಿಕ್ಕಿತು, ಯಾರಿಗೆ ಸಿಗಲಿಲ್ಲ, ಇದೂ ಚರಿತ್ರೆ. ಶಾಲೆಯ ಹಳೇ ದಾಖಲಾತಿ ಪುಸ್ತಕ ಬೀರುವಿನಲ್ಲೇ ಇದೆ. ಹೆಸರು ಓದುವುದು ಬೇಡ. ಮೊದಲ ಹೆಣ್ಣುಮಗು ಯಾವ ವರ್ಷ ಸೇರಿತು ಎಂದಷ್ಟೇ ನೋಡಿ.

ಇನ್ನೂ ಎರಡು ವಿಷಯ ಬರೆದುಕೊಂಡಿದ್ದೆ, ಬಿಡುತ್ತೇನೆ. ಒಂದು ಕೋರಿಕೆ ಮಾತ್ರ. ಈ ತಿಂಗಳೊಳಗೆ ನಿಮ್ಮ ಶಾಲೆಯ ಹತ್ತಿರದ ಒಂದು ವೀರಗಲ್ಲು ಅಥವಾ ಮಾಸ್ತಿಕಲ್ಲಿನ ಬಳಿಗೆ ಮಕ್ಕಳನ್ನು ಕರೆದೊಯ್ಯಿರಿ. ಅಕ್ಷರ ಕಾಣಲಿ ಎಂದು ಸುಣ್ಣ ಬಳಿಯಬೇಡಿ, ತಂತಿ ಬ್ರಷ್ಷಿನಿಂದ ಉಜ್ಜಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ಸಾಕು. ಆಮೇಲೆ ಶಾಸನಗಳನ್ನು ಅಚ್ಚು ಹಾಕಿರುವ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳ ನಮ್ಮ ತಾಲ್ಲೂಕಿನ ಭಾಗದಲ್ಲಿ ಅದು ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಫೋಟೊ, ಊರಿನ ಹೆಸರು, ಸರ್ವೆ ನಂಬರ್ ಬರೆದುಕೊಂಡು ಮುಂದಿನ ಸಭೆಗೆ ತನ್ನಿ. ಕೂತು ಓದೋಣ.