ಕಡಲಿಗೆ ಬೆನ್ನು ಹಾಕಿ ನಿಂತಾಗ

ಕೇಳುಗರಿಗೆ ನಮಸ್ಕಾರ.

ಮರವಂತೆಯಲ್ಲಿ ಗಾಡಿ ನಿಲ್ಲಿಸದೆ ಮುಂದೆ ಹೋಗುವವರು ಕಡಿಮೆ. ಹೆದ್ದಾರಿ 66ರ ಒಂದು ಪಕ್ಕ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ಇಳಿದವರೆಲ್ಲ ಓಡುವುದು ಕಡಲ ಕಡೆಗೇ. ಕಳೆದ ಜನವರಿಯಲ್ಲಿ ನನ್ನ ಮಗಳು ಮಾತ್ರ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದಳು. "ಅಪ್ಪಾ, ಆ ಹಕ್ಕಿ ಗಾಳಿಯಲ್ಲೇ ನಿಂತುಬಿಟ್ಟಿದೆ!" ಅಂದಳು. ಕಪ್ಪು ಬಿಳಿ ಮಿಂಚುಳ್ಳಿ. ಪಟಪಟ ರೆಕ್ಕೆ ಬಡಿಯುತ್ತಾ ನಿಂತಲ್ಲೇ ನಿಂತಿತ್ತು. ಮರುಕ್ಷಣ ಕಲ್ಲು ಬಿದ್ದ ಹಾಗೆ ನೀರಿಗೆ ಬಿದ್ದು, ಮೀನು ಕಚ್ಚಿಕೊಂಡು ಎದ್ದಿತು.

ಅಲ್ಲಿಂದ ಕಾರವಾರದವರೆಗೆ ನಾವು ಅಳಿವೆ ಸಿಕ್ಕಲ್ಲೆಲ್ಲ ನಿಂತೆವು. ಹೊಳೆ ಕಡಲು ಸೇರುವ ಜಾಗವೇ ಅಳಿವೆ. ಹೊಳೆ ಘಟ್ಟದಿಂದ ಕೆಸರು, ಕೊಳೆತ ಎಲೆ ಹೊತ್ತು ತರುತ್ತದೆ. ಅದನ್ನು ತಿನ್ನಲು ಹುಳ, ಸಿಗಡಿ, ಏಡಿ. ಅವನ್ನು ತಿನ್ನಲು ಮೀನು, ಹಕ್ಕಿ. ಎಲ್ಲರಿಗೂ ಊಟ ಅಲ್ಲೇ.

ಹೊನ್ನಾವರದ ಹತ್ತಿರ ಶರಾವತಿಯ ಕಾಂಡ್ಲಾ ಕಾಡಿಗೆ, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡಿಗೆ ಹೋದಾಗ ಭರ್ತಿ ಉಬ್ಬರ. ಮರದ ಹಲಗೆಯ ದಾರಿಯಲ್ಲಿ ನಡೆದರೆ ಬರೀ ನೀರು, ಎಲೆ. ಬೇಸರವಾಯಿತು. ದೋಣಿ ಕಟ್ಟುತ್ತಿದ್ದ ಹಿರಿಯರೊಬ್ಬರು, "ನೀರು ಇಳೀಲಿ, ಆಮೇಲೆ ನೋಡಿ" ಅಂದರು. ಊಟ ಮುಗಿಸಿ ಬಂದೆವು. ಅದೇ ಜಾಗ ಅಂದರೆ ನಂಬಲಾಗಲಿಲ್ಲ! ಬೆರಳಿನಂಥ ಬೇರುಗಳ ನಡುವೆ ಕೆಸರು ತುಂಬಾ ಪುಟ್ಟ ಏಡಿಗಳು. ಗಂಡಿಗೆ ಇಕ್ಕಳದಂಥ ಒಂದು ಕೊಂಬು ಮಾತ್ರ ದೊಡ್ಡದು. ಅದನ್ನೆತ್ತಿ ಬೀಸುತ್ತಾ ಹೆಣ್ಣನ್ನು ಕರೆಯುತ್ತದೆ. ಪಕ್ಕದಲ್ಲೇ ಕೆಸರಿನ ಮೇಲೆ ಜಿಗಿಯುವ ಮೀನು. ಮೈ ಒದ್ದೆ ಇರುವಷ್ಟು ಹೊತ್ತು ಅದು ಚರ್ಮದಿಂದಲೂ ಉಸಿರಾಡುತ್ತದೆ.

ಹಾಗಾಗಿ ಕರಾವಳಿಗೆ ಹೋಗುವವರು ಹೋಟೆಲ್ ವಿಚಾರಿಸುವ ಮೊದಲು ಇಳಿತದ ಹೊತ್ತು ವಿಚಾರಿಸಿ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಮರುದಿನ ಅದೇ ಇಳಿತ ಸುಮಾರು 50 ನಿಮಿಷ ತಡ. ಮೀನುಗಾರರಿಗೆ ಇದು ಬಾಯಿಪಾಠ.

ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ. ಚಳಿಗಾಲದಿಂದ ಬೇಸಿಗೆಯವರೆಗೆ ಹೊನ್ನಾವರ ಹತ್ತಿರದ ಕಾಸರಕೋಡ, ಕಾರವಾರದ ಕಡೆಯ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ. ಒಂದು ಗೂಡಿನಲ್ಲಿ ಸುಮಾರು 100 ಮೊಟ್ಟೆ. ಒಂದೂವರೆ, ಎರಡು ತಿಂಗಳಿಗೆ ಮರಿ ಹೊರಬರುತ್ತದೆ. ಕತ್ತಲಲ್ಲಿ ಬೆಳಕಿದ್ದ ಕಡೆಯೇ ಕಡಲು ಎಂದು ಅದು ನಂಬಿ ಹೊರಡುತ್ತದೆ. ನಮ್ಮ ಟಾರ್ಚು, ಹೆಡ್‌ಲೈಟು ಕಂಡರೆ ದಾರಿ ತಪ್ಪಿ ಊರ ಕಡೆ ಬಂದು ಸಾಯುತ್ತದೆ. ದಯವಿಟ್ಟು ರಾತ್ರಿ ದಂಡೆಗೆ ಗಾಡಿ ಇಳಿಸಬೇಡಿ.

ನಾವು ಜಾಸ್ತಿ ಹೊತ್ತು ಕಳೆದದ್ದು ಕುಮಟಾ ಹತ್ತಿರದ ಅಘನಾಶಿನಿ ಅಳಿವೆಯಲ್ಲಿ. ಅಣೆಕಟ್ಟು ಕಾಣದ ಹೊಳೆ ಅದು. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬೆಳಿಗ್ಗೆ ನೀರು ಇಳಿದಿತ್ತು. ಮೊಣಕಾಲುದ್ದ ನೀರಿನಲ್ಲಿ ಹೆಂಗಸರು, ಗಂಡಸರು ಬಗ್ಗಿ ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುತ್ತಿದ್ದರು. ಅವರಿಂದ ಹತ್ತು ಮಾರು ಆಚೆ ಬೆಳ್ಳಕ್ಕಿಗಳು, ಚಳಿಗಾಲ ಕಳೆಯಲು ದೂರದ ಉತ್ತರದಿಂದ ಬಂದ ಸಣ್ಣ ಹಕ್ಕಿಗಳು ಅದೇ ಕೆಸರು ಕುಕ್ಕುತ್ತಿದ್ದವು. ಯಾರಿಗೂ ಯಾರ ಭಯವೂ ಇರಲಿಲ್ಲ. ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದೊಂದು ರೆಕ್ಕೆ ಅಲುಗಿಸದೆ ಸುತ್ತುತ್ತಿತ್ತು.

ನೀರು ಏರತೊಡಗಿತು. ಮೊದಲು ಹಕ್ಕಿಗಳು ಎದ್ದವು. ಅದನ್ನು ನೋಡಿಯೇ ಒಬ್ಬ ಅಜ್ಜಿ ಬುಟ್ಟಿ ಎತ್ತಿಕೊಂಡು ದಂಡೆಗೆ ಬಂದರು. ಬುಟ್ಟಿ ಇಳಿಸಿ, ಒಂದು ಬಳಚನ್ನು ನನ್ನ ಮಗಳ ಅಂಗೈಗೆ ಇಟ್ಟರು. ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡಿತ್ತು. ಮಗಳು ಅದನ್ನು ಮೆಲ್ಲಗೆ ನೀರಿಗೆ ಬಿಟ್ಟಳು.

ನಮಸ್ಕಾರ.